ಕುದುರೆಗೂ ಗೋತ್ರ ಇದೆ ಸ್ವಾಮಿ!

ಕುದುರೆ ಬಾಲಕ್ಕೆ ದುಡ್ಡು ಕಟ್ಟೋರನ್ನ ನೀವು ನೋಡಿರ್ತೀರಿ. ಬೆಂಗಳೂರಿನ ರೇಸ್ ಕೋರ್ಸ್ ರಸ್ತೆ ಆಸುಪಾಸಿನಲ್ಲಿ, ಓಟದ ದಿನ, ಟೀ ಅಂಗಡಿ ಮುಂದೆ ನಿಂತು ಒಂದು ಸಣ್ಣ ಪುಸ್ತಕದಲ್ಲಿ ಪೆನ್ನಿಂದ ಗೀಟು ಹಾಕ್ತಾ ಇರ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಅಷ್ಟು ಶ್ರದ್ಧೆಯಿಂದ ಓದಿರಲಿಕ್ಕಿಲ್ಲ. ಆ ಪುಸ್ತಕದಲ್ಲಿ ಏನಿರುತ್ತೆ? ಕುದುರೆಯ ಹೆಸರು, ಜಾಕಿಯ ಹೆಸರು, ಟ್ರೈನರ್ ಯಾರು, ಬೆನ್ನ ಮೇಲೆ ಎಷ್ಟು ಭಾರ. ಜೊತೆಗೆ ಇನ್ನೊಂದು ಮಾಹಿತಿ ಇರುತ್ತೆ. ಅಪ್ಪ ಯಾರು? ಅಮ್ಮ ಯಾರು?

ನಮ್ಮ ಕಡೆ ಸಂಬಂಧ ಬೆಳೆಸುವಾಗ ಮೂರು ತಲೆಮಾರು ವಿಚಾರಿಸ್ತಾರೆ. ರೇಸ್ ಕುದುರೆಗೆ ಮೂರು ಸಾಲದು, ಮುನ್ನೂರು ವರ್ಷದ ಲೆಕ್ಕ ಬೇಕು. ಆ ಲೆಕ್ಕ ಇಲ್ಲದಿದ್ದರೆ ಅದು ಗಾಳಿಯ ವೇಗದಲ್ಲಿ ಓಡಿದ್ರೂ ಟ್ರ್ಯಾಕ್‌ ಮೇಲೆ ಕಾಲಿಡುವ ಹಾಗಿಲ್ಲ.

ಕುದುರೆ ರೇಸ್ ಮೇಲಿನ ಬೆಟ್ಟಿಂಗ್‌ಗೆ 28 ಪರ್ಸೆಂಟ್ ಜಿಎಸ್‌ಟಿ ಬಂದಾಗ ಟಿವಿಗಳಲ್ಲಿ ಗಂಟೆಗಟ್ಟಲೆ ಚರ್ಚೆ ಆಯ್ತು. ಇದು ಜೂಜೋ, ಕೌಶಲ್ಯವೋ ಅಂತ ಜಗಳ ಆಯ್ತು. 1996ರಲ್ಲೇ ಸುಪ್ರೀಂ ಕೋರ್ಟ್ ಕುದುರೆ ರೇಸ್ ಕೌಶಲ್ಯದ ಆಟ ಅಂತ ಹೇಳಿದೆ. ಕುದುರೆಯ ತಳಿ, ಅದರ ತಯಾರಿ, ಸವಾರನ ಸಾಮರ್ಥ್ಯ, ಇದನ್ನೆಲ್ಲ ತೂಗಿ ನೋಡೋದೇ ಕೌಶಲ್ಯ ಅನ್ನೋದು ಅಲ್ಲಿನ ವಾದ. ತಳಿ! ಆ ಪದವನ್ನು ಹಿಡಿದುಕೊಂಡು ಹಿಂದಕ್ಕೆ ಹೋದರೆ ಕಥೆ ಇಂಗ್ಲೆಂಡಿಗೆ ಹೋಗುತ್ತೆ. 1769ರ ಮೇ 3, ಎಪ್ಸಮ್ ಎಂಬ ಊರು.

ಅವತ್ತು ಅಲ್ಲಿ ಐದು ವರ್ಷದ ಒಂದು ಕೆಂಗಂದು ಕುದುರೆ ಮೊದಲ ಸಲ ಓಟಕ್ಕೆ ಇಳಿದಿತ್ತು. ಹೆಸರು ಎಕ್ಲಿಪ್ಸ್. ಅಂದ್ರೆ ಗ್ರಹಣ. 1764ರ ಏಪ್ರಿಲ್ 1ರ ಸೂರ್ಯಗ್ರಹಣದ ದಿನ ಹುಟ್ಟಿದ್ದಕ್ಕೆ ಆ ಹೆಸರು. ಗ್ರಹಣ ಕಾಲದಲ್ಲಿ ಹುಟ್ಟಿದ್ದು ಅಂದ್ರೆ ನಮ್ಮಲ್ಲಿ ಶಾಂತಿ ಮಾಡಿಸ್ತಿದ್ರೋ ಏನೋ, ಅವರು ಹೆಸರಿಟ್ಟು ಸುಮ್ಮನಾದರು. ಆಗಿನ ಓಟ ಈಗಿನ ಹಾಗೆ ಒಂದೂವರೆ ನಿಮಿಷದಲ್ಲಿ ಮುಗೀತಿರಲಿಲ್ಲ. ನಾಲ್ಕು ಮೈಲಿ ಓಡಬೇಕು, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ನಾಲ್ಕು ಮೈಲಿ. ಮೊದಲ ಸುತ್ತಿನಲ್ಲಿ ಎಕ್ಲಿಪ್ಸ್ ಆರಾಮಾಗಿ ಗೆದ್ದಿತು. ಎರಡನೇ ಸುತ್ತಿಗೆ ಮುಂಚೆ ಡೆನಿಸ್ ಓ'ಕೆಲ್ಲಿ ಎಂಬ ಐರಿಷ್ ಮನುಷ್ಯ ಒಂದು ಪಂಥ ಕಟ್ಟಿದ. ಎಲ್ಲ ಕುದುರೆಗಳೂ ಯಾವ ಕ್ರಮದಲ್ಲಿ ಬರ್ತವೆ ಅಂತ ನಾನು ಹೇಳ್ತೀನಿ ಅಂದ. ಹೇಳು ಅಂದ್ರು. ಅವನು ಹೇಳಿದ್ದಿಷ್ಟು: ಎಕ್ಲಿಪ್ಸ್ ಮೊದಲು, ಮಿಕ್ಕವು ಎಲ್ಲೂ ಇಲ್ಲ.

ಇದರಲ್ಲೊಂದು ಚಾಲಾಕಿತನ ಇದೆ. ಗೆದ್ದ ಕುದುರೆಗಿಂತ 240 ಗಜ ಹಿಂದೆ ಬಿದ್ದ ಕುದುರೆಗೆ ಆಗಿನ ನಿಯಮದಲ್ಲಿ ಸ್ಥಾನವೇ ಇರಲಿಲ್ಲ. ಅದು ಲೆಕ್ಕಕ್ಕೇ ಇಲ್ಲ. ಎಕ್ಲಿಪ್ಸ್ ಅಷ್ಟು ದೂರ ಎಲ್ಲವನ್ನೂ ಹಿಂದೆ ಬಿಡುತ್ತೆ ಅಂತ ಓ'ಕೆಲ್ಲಿ ಹೇಳಿದ್ದು. ಹಾಗೇ ಆಯ್ತು.

ಯಾರು ಈ ಓ'ಕೆಲ್ಲಿ? ಲಾರ್ಡ್ ಅಲ್ಲ, ಡ್ಯೂಕ್ ಅಲ್ಲ. ಲಂಡನ್‌ಗೆ ಬರಿಗೈಲಿ ಬಂದು ಶ್ರೀಮಂತರ ಪಲ್ಲಕ್ಕಿ ಹೊತ್ತವನು ಅಂತಾರೆ. ಸಾಲ ತೀರಿಸಲಾಗದೆ ಜೈಲು ಸೇರಿದವನು. ಅವನ ಜೀವನಸಂಗಾತಿ ಶಾರ್ಲೆಟ್ ಹೇಯ್ಸ್ ಲಂಡನ್ನಿನಲ್ಲಿ ವೇಶ್ಯಾಗೃಹ ನಡೆಸುತ್ತಿದ್ದವಳು. ಎಕ್ಲಿಪ್ಸ್‌ನ ಆಗಿನ ಮಾಲೀಕ ವಿಲಿಯಂ ವೈಲ್ಡ್‌ಮನ್ ಕೂಡ ದೊಡ್ಡ ಮನೆತನದವನಲ್ಲ, ಸ್ಮಿತ್‌ಫೀಲ್ಡ್ ಮಾರುಕಟ್ಟೆಯ ಮಾಂಸದ ವ್ಯಾಪಾರಿ. ಕುದುರೆಯನ್ನು ಬೆಳೆಸಿದ ಡ್ಯೂಕ್ ಆಫ್ ಕಂಬರ್‌ಲ್ಯಾಂಡ್ 1765ರಲ್ಲಿ ತೀರಿಕೊಂಡಾಗ ಅವನ ಲಾಯದ ಕುದುರೆಗಳು ಹರಾಜಿಗೆ ಬಂದವು. ವೈಲ್ಡ್‌ಮನ್ ಈ ಮರಿಯನ್ನು 75 ಗಿನಿಗೆ ಕೊಂಡ. ಓ'ಕೆಲ್ಲಿ ಅದರ ಅರ್ಧ ಪಾಲನ್ನು 650 ಗಿನಿಗೂ, ಆಮೇಲೆ ಉಳಿದರ್ಧವನ್ನು 1,100 ಗಿನಿಗೂ ತಗೊಂಡ.

ಎಕ್ಲಿಪ್ಸ್ ಓಡಿದ್ದು 18 ಓಟ. 18ನ್ನೂ ಗೆದ್ದಿತು. ಎಷ್ಟೋ ಸಲ ಎದುರಿಗೆ ಕುದುರೆ ಇಳಿಸೋರೇ ಇರಲಿಲ್ಲ, ಸುಮ್ಮನೆ ಟ್ರ್ಯಾಕ್‌ನಲ್ಲಿ ನಡೆದು ಬಂದರೂ ಗೆದ್ದ ಹಾಗೆ. ಎರಡು ವರ್ಷದಲ್ಲಿ ಓಡೋಕೆ ಜೊತೆ ಸಿಗದೆ ನಿವೃತ್ತಿ. ಓಡಿ ಗಳಿಸಿದ್ದಕ್ಕಿಂತ ಆಮೇಲೆ ಬೀಜದ ಕುದುರೆಯಾಗಿ ಗಳಿಸಿಕೊಟ್ಟದ್ದೇ ಹೆಚ್ಚು. ಅದರ ಮೂರು ಮಕ್ಕಳು ಎಪ್ಸಮ್ ಡರ್ಬಿ ಗೆದ್ದವು: 1781, 1783, 1784.

ಇಷ್ಟೆಲ್ಲ ಆದ್ರೂ ಓ'ಕೆಲ್ಲಿಗೆ ಒಂದು ಆಸೆ ತೀರಲಿಲ್ಲ. ಇಂಗ್ಲೆಂಡಿನ ರೇಸ್ ಜಗತ್ತನ್ನು ಆಳುತ್ತಿದ್ದ ಜಾಕಿ ಕ್ಲಬ್ಬಿನ ಸದಸ್ಯನಾಗಬೇಕು ಅನ್ನೋ ಆಸೆ. ಹೆಸರು ಜಾಕಿ ಕ್ಲಬ್ ಅಂತ, ಒಳಗೆ ಇದ್ದವರೆಲ್ಲ ಲಾರ್ಡುಗಳು. ಇಂಥವನಿಗೆ ಅಲ್ಲಿ ಬಾಗಿಲು ತೆರೆಯಲೇ ಇಲ್ಲ. 1787ರಲ್ಲಿ ಅವನು ಸತ್ತ. 1789ರಲ್ಲಿ ಕುದುರೆಯೂ ಸತ್ತಿತು. ಅದನ್ನು ಕೊಯ್ದು ನೋಡಿದ ವೈದ್ಯರು ಹೃದಯವನ್ನು ತೂಗಿದರು, 14 ಪೌಂಡ್. ಅಂದ್ರೆ ಆರು ಕಿಲೋಗೂ ಜಾಸ್ತಿ. 1832ರಲ್ಲಿ ರಾಜ ನಾಲ್ಕನೇ ವಿಲಿಯಂ ಎಕ್ಲಿಪ್ಸ್‌ನ ಒಂದು ಗೊರಸಿಗೆ ಚಿನ್ನದ ಕಟ್ಟು ಹಾಕಿಸಿ ಉಡುಗೊರೆ ಕೊಟ್ಟ. ಯಾರಿಗೆ ಗೊತ್ತಾ? ಜಾಕಿ ಕ್ಲಬ್ಬಿಗೆ! ಮಾಲೀಕನನ್ನ ಹೊರಗೆ ನಿಲ್ಲಿಸಿದವರು ಕುದುರೆಯ ಕಾಲನ್ನ ಒಳಗೆ ಇಟ್ಟುಕೊಂಡರು.

(ಮುಂದೆ ಒಬ್ಬ ಲೇಖಕ ಲೆಕ್ಕ ಹಾಕಿದಾಗ ಎಕ್ಲಿಪ್ಸ್‌ನದೇ ಅಂತ ಹೇಳಿಕೊಳ್ಳೋ ಆರು ಅಸ್ಥಿಪಂಜರ, ಒಂಬತ್ತು ಗೊರಸು ಸಿಕ್ಕಿದ್ದವಂತೆ. ಕುದುರೆಗೆ ಕಾಲು ನಾಲ್ಕೇ ಸ್ವಾಮಿ.)

ಈಗ ಇದರ ಅಪ್ಪ, ತಾತ, ಮುತ್ತಾತನ ಕಡೆ ಬನ್ನಿ. ಎಕ್ಲಿಪ್ಸ್‌ನ ತಾತ ಸ್ಕ್ವರ್ಟ್ ಅಂತ ಒಂದು ಕುದುರೆ. ಅದಕ್ಕೆ ಗೊರಸಿನ ಬೇನೆ ಬಂದು ನಡೆಯೋಕೂ ಆಗದಂತಾಯ್ತು. ಗುಂಡಿಟ್ಟು ಸಾಯಿಸಿ ಅಂತ ಅಪ್ಪಣೆಯಾಯ್ತು. ಕೊಲ್ಲೋಕೆ ಹೊರಗೆ ಕರೆದುಕೊಂಡು ಹೋಗುವಾಗ ಲಾಯದ ಆಳು ಅಂಗಲಾಚಿ ಬೇಡಿಕೊಂಡು ಉಳಿಸಿಕೊಂಡ ಅಂತ ಹೇಳ್ತಾರೆ. ಆ ಆಳಿನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವನು ಅವತ್ತು ಬಾಯಿ ಮುಚ್ಚಿಕೊಂಡಿದ್ದಿದ್ರೆ ಎಕ್ಲಿಪ್ಸ್ ಹುಟ್ಟುತ್ತಲೇ ಇರಲಿಲ್ಲ.

ಸ್ಕ್ವರ್ಟ್‌ನ ತಾತನೇ ಈ ಕಥೆಯ ಮೂಲಪುರುಷ, ಡಾರ್ಲಿ ಅರೇಬಿಯನ್. ಹುಟ್ಟಿದ್ದು 1700ರ ಹೊತ್ತಿಗೆ, ಸಿರಿಯಾದ ಅಲೆಪ್ಪೊ ಕಡೆ. ಯುದ್ಧದ ಸುದ್ದಿಯಲ್ಲಿ ನಾವು ವರ್ಷಗಟ್ಟಲೆ ಉಚ್ಚರಿಸಿದ ಅದೇ ಅಲೆಪ್ಪೊ. ಅಲ್ಲಿ ವ್ಯಾಪಾರಕ್ಕೆ ಹೋಗಿದ್ದ ಥಾಮಸ್ ಡಾರ್ಲಿ ಎಂಬ ಇಂಗ್ಲಿಷ್ ವರ್ತಕ 1704ರಲ್ಲಿ ಇದನ್ನು ಯಾರ್ಕ್‌ಶೈರ್‌ನ ತನ್ನ ಮನೆಗೆ ಹಡಗಿನಲ್ಲಿ ಕಳಿಸಿದ. ಇದಕ್ಕೂ ಮುಂಚೆ ಕ್ಯಾಪ್ಟನ್ ರಾಬರ್ಟ್ ಬೈಯರ್ಲಿ ಎಂಬ ಸೈನ್ಯಾಧಿಕಾರಿ ಒಂದು ತುರ್ಕಿ ಕುದುರೆ ಇಟ್ಟುಕೊಂಡಿದ್ದ. 1690ರಲ್ಲಿ ಐರ್ಲೆಂಡಿನ ಬಾಯ್ನ್ ಕದನಕ್ಕೆ ಅದರ ಮೇಲೇ ಹೋಗಿದ್ದ. ಅದು ಬೈಯರ್ಲಿ ಟರ್ಕ್. ಮೂರನೆಯದು ಗೊಡಾಲ್ಫಿನ್ ಅರೇಬಿಯನ್, ಫ್ರಾನ್ಸ್ ಮಾರ್ಗವಾಗಿ ಬಂದದ್ದು. ಪ್ಯಾರಿಸ್ ಬೀದಿಯಲ್ಲಿ ನೀರಿನ ಗಾಡಿ ಎಳೀತಿತ್ತು ಅನ್ನೋ ಕಥೆಯನ್ನು ಅದಕ್ಕೆ ಕಟ್ಟಿದ್ದಾರೆ. ಅದು 1753ರಲ್ಲಿ ಸತ್ತಿತು, ಸಮಾಧಿ ಇವತ್ತಿಗೂ ಕೇಂಬ್ರಿಡ್ಜ್ ಹತ್ತಿರ ಇದೆ. ಜಗತ್ತಿನ ಯಾವುದೇ ಥರೋಬ್ರೆಡ್ ಕುದುರೆಯ ಅಪ್ಪ, ಅಪ್ಪನ ಅಪ್ಪ ಅಂತ ಹಿಂದಕ್ಕೆ ಹೋದರೆ ಈ ಮೂರರಲ್ಲಿ ಒಂದಕ್ಕೆ ಬಂದು ನಿಲ್ಲುತ್ತೆ. ಮೂರು ಗೋತ್ರ, ಮೂರೇ!

ಅರಬ್ ಕುದುರೆ ನಮಗೇನೂ ಹೊಸದಲ್ಲ. ಇಂಗ್ಲಿಷರು ಅಲೆಪ್ಪೊದಿಂದ ಒಂದೊಂದಾಗಿ ತರೋದಕ್ಕೆ ಇನ್ನೂರು ವರ್ಷ ಮುಂಚೆ ವಿಜಯನಗರಕ್ಕೆ ಅವು ಹಡಗುಗಟ್ಟಲೆ ಬರ್ತಿದ್ವು. ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟ ಪ್ರಕಾರ ರಾಜ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ. ಸಾಳುವ ನರಸಿಂಹನಂತೂ ಸಮುದ್ರದಲ್ಲಿ ಸತ್ತ ಕುದುರೆಗೂ ದುಡ್ಡು ಕೊಡ್ತಿದ್ದನಂತೆ, ಸತ್ತದ್ದಕ್ಕೆ ಸಾಕ್ಷಿಯಾಗಿ ಬಾಲ ತಂದು ತೋರಿಸಿದರೆ ಸಾಕು. ಕುದುರೆ ಬಾಲಕ್ಕೆ ದುಡ್ಡು ಕೊಟ್ಟ ರಾಜ! ಆದರೆ ಅಲ್ಲಿ ಕುದುರೆ ಬೇಕಾಗಿದ್ದು ಯುದ್ಧಕ್ಕೆ. ಇಂಗ್ಲಿಷರು ಬೇರೆ ಕೆಲಸ ಮಾಡಿದರು. ಓಡಿಸಿದರು, ಗೆದ್ದದ್ದನ್ನು ಗೆದ್ದದ್ದಕ್ಕೆ ಕೂಡಿಸಿದರು, ಎಲ್ಲವನ್ನೂ ಬರೆದಿಟ್ಟರು.

ಬರೆದಿಟ್ಟದ್ದೇ ದೊಡ್ಡ ವಿಷಯ. 1791ರಲ್ಲಿ ಜೇಮ್ಸ್ ವೆದರ್‌ಬಿ ಎಂಬಾತ ಹಳೆಯ ಓಟದ ದಾಖಲೆ, ಲಾಯಗಳ ಲೆಕ್ಕಪುಸ್ತಕ ಎಲ್ಲ ಸೇರಿಸಿ ಜನರಲ್ ಸ್ಟಡ್ ಬುಕ್ ತಂದ. ಅಂದ್ರೆ ಕುದುರೆಗಳ ವಂಶಾವಳಿ. ವೆದರ್‌ಬೀಸ್ ಸಂಸ್ಥೆ ಅದನ್ನು ಇವತ್ತಿಗೂ ನಡೆಸ್ತಾ ಇದೆ. ಆ ಪುಸ್ತಕದಲ್ಲಿ ಹೆಸರಿದ್ದರೆ ಥರೋಬ್ರೆಡ್, ಇಲ್ಲದಿದ್ದರೆ ಬರೀ ಕುದುರೆ. ರೇಷನ್ ಕಾರ್ಡ್‌ನಲ್ಲಿ ಹೆಸರು ಬಿಟ್ಟುಹೋದವರನ್ನ ಕೇಳಿ, ಕಾಗದದ ಶಕ್ತಿ ಏನು ಅಂತ ಹೇಳ್ತಾರೆ.

ಕಾಗದಕ್ಕೆ ಅಷ್ಟು ಬೆಲೆ ಬಂದ ಮೇಲೆ ಕಳ್ಳ ಕಾಗದ ಬರದೇ ಇರುತ್ತಾ? 1844ರ ಡರ್ಬಿ ನೋಡಿ. ಡರ್ಬಿಯಲ್ಲಿ ಓಡಬೇಕಾದರೆ ಕುದುರೆಗೆ ಮೂರು ವರ್ಷ ಆಗಿರಬೇಕು, ಅದಕ್ಕಿಂತ ಹೆಚ್ಚಾಗುವ ಹಾಗಿಲ್ಲ. ಆ ವರ್ಷ ರನ್ನಿಂಗ್ ರೈನ್ ಎಂಬ ಕುದುರೆ ಗೆದ್ದಿತು. ಅನುಮಾನ ಮೊದಲಿಂದಲೂ ಇತ್ತು. ಲಾರ್ಡ್ ಜಾರ್ಜ್ ಬೆಂಟಿಂಕ್ ಎಂಬ ಹಠಮಾರಿ ಪತ್ತೇದಾರಿ ಕೆಲಸಕ್ಕೆ ಇಳಿದ. ಲಂಡನ್ನಿನ ರೀಜೆಂಟ್ ಸ್ಟ್ರೀಟ್‌ನ ಅಂಗಡಿಯಲ್ಲಿ ಯಾರು ಕೂದಲಿಗೆ ಹಚ್ಚೋ ಬಣ್ಣ ಕೊಂಡರು ಅನ್ನೋದನ್ನೂ ಹುಡುಕಿದ. ಸತ್ಯ ಏನಂದ್ರೆ ಓಡಿದ್ದು ಮಕ್ಕಬಿಯಸ್ ಎಂಬ ನಾಲ್ಕು ವರ್ಷದ ಕುದುರೆ, ಮೂರು ವರ್ಷದ ಕುದುರೆಯ ವೇಷದಲ್ಲಿ. ಇದರ ಸೂತ್ರಧಾರ ಗುಡ್‌ಮನ್ ಎಂಬ ಜೂಜುಕೋರ. ಬಹುಮಾನದ ಹಣಕ್ಕಾಗಿ ವಿಷಯ ಕೋರ್ಟಿಗೆ ಹೋಯ್ತು. ನ್ಯಾಯಾಧೀಶ ಆಲ್ಡರ್ಸನ್ ಸಾಕ್ಷಿಗಳ ಮಾತು ಕೇಳಿ ಕೇಳಿ ಸಾಕಾಗಿ, ಮೊದಲು ಕುದುರೆ ತನ್ನಿ, ಬಾಯಿ ಬಿಡಿಸಿ ಹಲ್ಲು ನೋಡೋಣ ಅಂದ. ಕುದುರೆ ಎಲ್ಲಿದೆ? ಮಾಯ! ರಾತ್ರೋರಾತ್ರಿ ಕಣ್ಮರೆ. ಬಹುಮಾನ ಎರಡನೇ ಸ್ಥಾನದ ಒರ್ಲ್ಯಾಂಡೊಗೆ ಹೋಯ್ತು. ಹೊಟೇಲ್ ರೆಸಾರ್ಟ್‌ಗಳಲ್ಲಿ ಶಾಸಕರು ಮಾಯವಾಗೋದನ್ನ ನೋಡಿರೋ ನಮಗೆ ಇದೇನೂ ಆಶ್ಚರ್ಯ ಅಲ್ಲ ಬಿಡಿ.

ವಯಸ್ಸಿನ ಲೆಕ್ಕ ಅಂದ ಮೇಲೆ ಇನ್ನೊಂದು ಮಾತು. ಥರೋಬ್ರೆಡ್ ಮರಿ ಫೆಬ್ರವರಿಯಲ್ಲಿ ಹುಟ್ಟಲಿ, ಮೇ ತಿಂಗಳಲ್ಲಿ ಹುಟ್ಟಲಿ, ಇಂಗ್ಲೆಂಡ್, ಅಮೆರಿಕ, ಭಾರತದಲ್ಲಿ ಎಲ್ಲಕ್ಕೂ ಹುಟ್ಟುಹಬ್ಬ ಒಂದೇ ದಿನ, ಜನವರಿ 1. ನಮ್ಮ ಹಳ್ಳಿ ಶಾಲೆ ಮೇಷ್ಟ್ರು ಎಲ್ಲರಿಗೂ ಜೂನ್ 1 ಅಂತ ಬರೀತಿದ್ದ ಹಾಗೆ.

ಪುಸ್ತಕಕ್ಕೂ ಕುದುರೆಗೂ ನೇರ ಜಗಳ ಬಿದ್ದದ್ದು 1913ರಲ್ಲಿ. ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಅಮೆರಿಕದ ನ್ಯೂಯಾರ್ಕ್‌ನಲ್ಲಿ ಬೆಟ್ಟಿಂಗ್ ವಿರುದ್ಧ ಕಾನೂನು ಬಿಗಿಯಾಗಿ 1911, 1912ರಲ್ಲಿ ಅಲ್ಲಿ ಓಟವೇ ನಿಂತುಹೋಯ್ತು. ಅಮೆರಿಕದ ಮಾಲೀಕರು ಕುದುರೆಗಳನ್ನು ಹಡಗು ಹತ್ತಿಸಿ ಯೂರೋಪಿಗೆ ತಂದರು. ಇಂಗ್ಲಿಷ್ ತಳಿಗಾರರಿಗೆ ಹೊಟ್ಟೆ ಉರಿ. ಮಾರುಕಟ್ಟೆ ಬಿದ್ದರೆ? ಆದರೆ ಹಾಗಂತ ಬಾಯಿ ಬಿಟ್ಟು ಹೇಳೋಕಾಗುತ್ತಾ? ರಕ್ತದ ಶುದ್ಧಿ ಅಂದರು. ಎಲ್ಲ ಪೂರ್ವಜರನ್ನೂ ಇಂಗ್ಲಿಷ್ ಪುಸ್ತಕದಲ್ಲಿ ತೋರಿಸಲಾಗದ ಕುದುರೆಯನ್ನು ಇನ್ನು ದಾಖಲು ಮಾಡೋದಿಲ್ಲ ಅಂತ ನಿಯಮ ಮಾಡಿದರು. ಲಾರ್ಡ್ ಜರ್ಸಿ ಮುಂದೆ ನಿಂತು ಮಾಡಿಸಿದ್ದಕ್ಕೆ ಜನ ಅದನ್ನು ಜರ್ಸಿ ಕಾಯ್ದೆ ಅಂತ ಕರೆದರು, ಅದು ಪಾರ್ಲಿಮೆಂಟಿನ ಕಾಯ್ದೆ ಏನೂ ಅಲ್ಲ. ಅಮೆರಿಕದ ಒಳ್ಳೊಳ್ಳೆ ಕುದುರೆಗಳೆಲ್ಲ ಒಂದೇ ಏಟಿಗೆ ಅರೆತಳಿ ಆಗಿಹೋದವು.

ಮರುವರ್ಷ, 1914. ಎಪ್ಸಮ್ ಡರ್ಬಿ. ಗೆದ್ದದ್ದು ಯಾರು? ಫ್ರಾನ್ಸ್‌ನಲ್ಲಿ ಅಮೆರಿಕನ್ ಮಾಲೀಕನೊಬ್ಬ ಬೆಳೆಸಿದ ಡರ್ಬಾರ್. ಅದರ ತಾಯಿಯ ಕಡೆ ಅಮೆರಿಕದ ರಕ್ತ ಇತ್ತು. ಇಂಗ್ಲಿಷರ ಪುಸ್ತಕದ ಪ್ರಕಾರ ಅದು ಥರೋಬ್ರೆಡ್ಡೇ ಅಲ್ಲ! ಅವರ ನೆಲದಲ್ಲಿ, ಅವರ ಅತಿ ದೊಡ್ಡ ಓಟದಲ್ಲಿ, ಅವರ ಶುದ್ಧ ರಕ್ತದ ಕುದುರೆಗಳೆಲ್ಲ ಅದರ ಹಿಂದೆ. ನಿಯಮ ತೆಗೆದರಾ? ಇಲ್ಲ. ಇನ್ನೂ 35 ವರ್ಷ ಬೇಕಾಯ್ತು. ಎರಡು ಮಹಾಯುದ್ಧ ಮುಗಿದು, ಅರೆತಳಿ ಅಂತ ಕರೆಸಿಕೊಂಡ ಕುದುರೆಗಳು ಮತ್ತೆ ಮತ್ತೆ ಬಂದು ದೊಡ್ಡ ಓಟಗಳನ್ನು ಗೆದ್ದ ಮೇಲೆ, 1949ರಲ್ಲಿ ಜರ್ಸಿ ನಿಯಮ ಹೋಯ್ತು.

ಹಾಗಾದರೆ ಈ ರಕ್ತ ನಿಜವಾಗಿ ಎಷ್ಟು ಶುದ್ಧ? ಈ ಪ್ರಶ್ನೆಗೆ ಉತ್ತರ ಬಂದದ್ದು ನಮ್ಮ ಕಾಲದಲ್ಲಿ, ಪ್ರಯೋಗಶಾಲೆಯಿಂದ. 2001ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ವಿಜ್ಞಾನಿಗಳು ಲೆಕ್ಕ ಹಾಕಿದರು. ಈಗಿನ ಥರೋಬ್ರೆಡ್‌ಗಳಲ್ಲಿ 95 ಪರ್ಸೆಂಟ್ ಗಂಡು ಪರಂಪರೆ ಆ ಒಂದೇ ಡಾರ್ಲಿ ಅರೇಬಿಯನ್‌ಗೆ ಹೋಗಿ ಸೇರುತ್ತೆ. ಅಲ್ಲಿಗೆ ಹೋಗೋ ದಾರಿ, ನಮ್ಮ ಎಕ್ಲಿಪ್ಸ್. ತಾಯಂದಿರ ಕಡೆ ನೋಡಿದರೆ ಹತ್ತೇ ಹತ್ತು ಹೆಣ್ಣು ಕುದುರೆಗಳಿಂದ 72 ಪರ್ಸೆಂಟ್ ಸಂತಾನ.

ಆ ತಾಯಂದಿರ ಹೆಸರೇನು? ಇಲ್ಲೇ ನೋಡಿ ನನಗೆ ಸಂಕಟ ಆಗೋದು. ಅಪ್ಪಂದಿರಿಗೆ ಹೆಸರಿದೆ, ಚಿತ್ರಪಟ ಇದೆ, ಸಮಾಧಿ ಇದೆ. ಮೂಲದ ಹೆಣ್ಣು ಕುದುರೆಗಳಲ್ಲಿ ಎಷ್ಟೋ ಪುಸ್ತಕದಲ್ಲಿ ಇರೋದು ಟ್ರೆಗನ್‌ವೆಲ್‌ನ ಹೆಣ್ಣು ಕುದುರೆ, ಬರ್ಟನ್‌ನ ಹೆಣ್ಣು ಕುದುರೆ ಅಂತ. ಮಾಲೀಕನ ಹೆಸರು ಅಷ್ಟೇ. ನಮ್ಮ ಹಳೇ ಜಮೀನು ದಾಖಲೆಗಳಲ್ಲಿ ಹೆಣ್ಣುಮಕ್ಕಳು ಇಂಥವರ ಹೆಂಡತಿ, ಇಂಥವರ ಮಗಳು ಅಂತ ಇರೋ ಹಾಗೇ. 2002ರಲ್ಲಿ ತಾಯಿಯ ಕಡೆಯಿಂದ ಮಾತ್ರ ಬರೋ ಡಿಎನ್‌ಎ ಪರೀಕ್ಷೆ ಮಾಡಿದಾಗ, ಹಲವು ಕಡೆ ಪುಸ್ತಕ ಹೇಳೋದೇ ಒಂದು, ರಕ್ತ ಹೇಳೋದೇ ಇನ್ನೊಂದು ಅಂತ ಗೊತ್ತಾಯ್ತು. ಆ ತಾಯಂದಿರಲ್ಲಿ ಬಹಳಷ್ಟು ಅರಬ್ ಅಲ್ಲವೇ ಅಲ್ಲ, ಬ್ರಿಟನ್ ಮತ್ತು ಐರ್ಲೆಂಡಿನ ನಾಟಿ ಕುದುರೆಗಳು ಅಂತ ಮುಂದಿನ ಅಧ್ಯಯನಗಳು ಹೇಳಿದವು.

ನಿಜವಾದ ಬಾಂಬು ಬಿದ್ದದ್ದು 2012ರಲ್ಲಿ. ಕುದುರೆಯ ಮಾಂಸಖಂಡ ಎಷ್ಟು ಬೆಳೆಯಬೇಕು ಅಂತ ಹತೋಟಿ ಮಾಡೋ ಮಯೋಸ್ಟಾಟಿನ್ ಅಂತ ಒಂದು ಜೀನ್ ಇದೆ. ಅದರ ಒಂದು ರೂಪ ಇದ್ದರೆ ಕುದುರೆ ಕಡಿಮೆ ದೂರವನ್ನು ಮಿಂಚಿನ ವೇಗದಲ್ಲಿ ಓಡುತ್ತೆ. ಈಗಿನ ಚಿಕ್ಕ ಓಟಗಳಲ್ಲಿ ಗೆಲ್ಲಿಸೋದು ಅದೇ. ಅದು ಎಲ್ಲಿಂದ ಬಂತು? ಮ್ಯೂಸಿಯಂಗಳಲ್ಲಿದ್ದ ಹಳೇ ಕಾಲದ 12 ಪ್ರಸಿದ್ಧ ಗಂಡು ಕುದುರೆಗಳ ಮೂಳೆ, ಹಲ್ಲು ತೆಗೆದು ನೋಡಿದರು. ಅವುಗಳಲ್ಲಿ ಎಕ್ಲಿಪ್ಸ್ ಕೂಡ ಇತ್ತು. ಒಂದರಲ್ಲೂ ಆ ವೇಗದ ಜೀನ್ ಇಲ್ಲ! ಸುಮಾರು 300 ವರ್ಷದ ಹಿಂದೆ ಒಂದೇ ಒಂದು ಸಲ, ಬಹುಶಃ ಬ್ರಿಟನ್ನಿನ ಒಂದು ನಾಟಿ ಹೆಣ್ಣು ಕುದುರೆಯಿಂದ ಅದು ಈ ತಳಿಗೆ ಸೇರಿತು ಅನ್ನೋದು ವಿಜ್ಞಾನಿಗಳ ತೀರ್ಮಾನ. ಅರಬ್ಬೀ ರಕ್ತ ಅಂತ ಇನ್ನೂರು ವರ್ಷ ಡಂಗುರ ಹೊಡೆದರಲ್ಲ, ವೇಗ ಕೊಟ್ಟವಳು ಲಾಯದ ಮೂಲೆಯಲ್ಲಿದ್ದ ಊರ ಕುದುರೆ.

ಆ ಜೀನ್ ಜಗತ್ತಿಗೆಲ್ಲ ಹರಡಿದ್ದು ತೀರಾ ಇತ್ತೀಚೆಗೆ, 1954ರಲ್ಲಿ ಹುಟ್ಟಿದ ನಿಯಾರ್ಕ್ಟಿಕ್, 1961ರಲ್ಲಿ ಹುಟ್ಟಿದ ಅದರ ಮಗ ನಾರ್ದರ್ನ್ ಡ್ಯಾನ್ಸರ್ ಮೂಲಕ. 2020ರ ಒಂದು ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಪರಿಶೀಲಿಸಿದರು. 97 ಪರ್ಸೆಂಟ್ ಕುದುರೆಗಳ ವಂಶಾವಳಿಯಲ್ಲಿ ನಾರ್ದರ್ನ್ ಡ್ಯಾನ್ಸರ್ ಇತ್ತು. ಅಂದ್ರೆ ಅಪ್ಪನ ಕಡೆಯಿಂದಲೂ ಅದೇ ಅಜ್ಜ, ಅಮ್ಮನ ಕಡೆಯಿಂದಲೂ ಅದೇ ಅಜ್ಜ. ಸಗೋತ್ರದಲ್ಲಿ ಮದುವೆ ಬೇಡ ಅಂತ ನಮ್ಮ ಹಿರಿಯರು ಹಟ ಹಿಡೀತಾರೆ, ಇಲ್ಲಿ ಸಗೋತ್ರ ಬಿಟ್ಟು ಬೇರೆ ಸಂಬಂಧವೇ ಸಿಗೋದಿಲ್ಲ. 45 ವರ್ಷದಲ್ಲಿ ಒಳಸಂತಾನ ಏರುತ್ತಲೇ ಹೋಗಿದೆ ಅಂತ ಅದೇ ಅಧ್ಯಯನ ಹೇಳ್ತು. ಪುಸ್ತಕದ ಬಾಗಿಲು ಮುಚ್ಚಿದೆ, ಹೊರಗಿನಿಂದ ಹೊಸ ರಕ್ತ ತರೋ ಹಾಗಿಲ್ಲ. ತಳಿಯಲ್ಲಿ ಒಂದು ದೋಷ ಗಟ್ಟಿಯಾಗಿ ಕೂತರೆ ಆಚೆ ಹಾಕೋದು ಹೇಗೆ?

ಇದರ ಒಂದು ಎಳೆ ನಮ್ಮ ರಾಜ್ಯಕ್ಕೂ ಬರುತ್ತೆ. ಬೆಂಗಳೂರಿನಿಂದ 70 ಕಿಲೋಮೀಟರ್ ದೂರದ ಕುಣಿಗಲ್‌ನ ಕುದುರೆ ಫಾರ್ಮ್ ಟಿಪ್ಪು ಸುಲ್ತಾನನ ಕಾಲದ್ದು. ಅವನಿಗೆ ಬೇಕಾಗಿದ್ದದ್ದು ಅಶ್ವದಳಕ್ಕೆ ಗಟ್ಟಿಮುಟ್ಟಾದ ಕುದುರೆ. ಅವನ ನಂತರ ಬ್ರಿಟಿಷರ ಕೈಗೆ ಹೋಗಿ, ಕಾಲ ಬದಲಾಗಿ, ಅದು ಥರೋಬ್ರೆಡ್ ಬೆಳೆಸೋ ಜಾಗ ಆಯ್ತು. ಒಂದು ಕಾಲಕ್ಕೆ ಮುಂಬೈ ರೇಸುಗಳಲ್ಲಿ ಅಪ್ಪಟ ಅರಬ್ ಕುದುರೆಗಳು ಓಡ್ತಿದ್ವು. ಈಗ ಅವು ಇಲ್ಲ. ನಮ್ಮ ಕಾಠಿಯಾವಾಡಿ, ಮಾರ್ವಾಡಿ ಕುದುರೆಗೂ ಬೆಂಗಳೂರು, ಮೈಸೂರಿನ ಟ್ರ್ಯಾಕಿನಲ್ಲಿ ಜಾಗ ಇಲ್ಲ. ಇಲ್ಲಿ ಓಡೋ ಕುದುರೆಯ ಹೆಸರು ಪುಣೆಯಲ್ಲಿ ಕಚೇರಿ ಇರೋ ಭಾರತದ ಸ್ಟಡ್ ಬುಕ್‌ನಲ್ಲಿ ಇರಬೇಕು. ಮೂಲಪುರುಷ ಡಾರ್ಲಿ ಅರೇಬಿಯನ್ ಇವತ್ತು ಎದ್ದು ಬಂದರೆ ಅವನಿಗೂ ಪ್ರವೇಶ ಇಲ್ಲ, ಅವನ ಅಪ್ಪ ಅಮ್ಮನ ಹೆಸರು ಪುಸ್ತಕದಲ್ಲಿ ಇಲ್ಲವಲ್ಲ!

ಅಮೆರಿಕದ ಜಾಕಿ ಕ್ಲಬ್ಬಿಗೆ ಇದರ ಬಿಸಿ ಸ್ವಲ್ಪ ತಟ್ಟಿತು. ಹಸುಗಳಿಗಾದರೆ ಊರಿನ ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆ ಮಾಡಿಸ್ತಾರೆ. ಥರೋಬ್ರೆಡ್‌ಗೆ ಅದು ನಿಷಿದ್ಧ, ಗಂಡು ಹೆಣ್ಣು ಕೂಡಿಯೇ ಹುಟ್ಟಬೇಕು. ಆದರೂ ಹೆಸರಾದ ಗಂಡು ಕುದುರೆಗೆ ಒಂದು ಋತುವಿನಲ್ಲಿ 200ಕ್ಕೂ ಹೆಚ್ಚು ಹೆಣ್ಣು ಕುದುರೆಗಳನ್ನು ಬಿಡ್ತಾರೆ. ಆ ಋತು ಮುಗಿದ ಮೇಲೆ ಕೆಲವನ್ನು ವಿಮಾನ ಹತ್ತಿಸಿ ಆಸ್ಟ್ರೇಲಿಯಾಕ್ಕೆ ಕಳಿಸ್ತಾರೆ, ಅಲ್ಲಿ ಇನ್ನೊಂದು ಋತು. 2020ರಲ್ಲಿ ಕ್ಲಬ್ ಒಂದು ಮಿತಿ ಹಾಕಿತು. ಆ ವರ್ಷದಿಂದ ಹುಟ್ಟೋ ಗಂಡು ಕುದುರೆಗೆ ಮುಂದೆ ವರ್ಷಕ್ಕೆ 140ಕ್ಕಿಂತ ಹೆಚ್ಚು ಹೆಣ್ಣು ಕುದುರೆ ಬಿಡಬಾರದು ಅಂತ. ಕೆಂಟಕಿಯ ದೊಡ್ಡ ಫಾರ್ಮ್‌ಗಳು ಕೋರ್ಟಿಗೆ ಹೋದವು, ರಾಜಕಾರಣಿಗಳು ಅವರ ಬೆನ್ನಿಗೆ ನಿಂತರು. 2022ರ ಫೆಬ್ರವರಿಯಲ್ಲಿ ಕ್ಲಬ್ ಆ ಮಿತಿಯನ್ನು ವಾಪಸ್ ತಗೊಂಡಿತು. ಮಿತಿ ಹಾಕಿದ ವರ್ಷ ಹುಟ್ಟಿದ್ದ ಮರಿಗಳಿಗೆ ಆಗ ಕಾಗದದ ಪ್ರಕಾರ ಎರಡು ವರ್ಷ ತುಂಬಿತ್ತು, ಜನವರಿ 1ಕ್ಕೆ.